ಒಂದು ಕೈ ಕಮ್ಮಿ ಇತ್ತು: 69ನೇ ವಯಸ್ಸಿನಲ್ಲಿ ಅಮ್ಮ ಇಸ್ಪೀಟು ಕಲಿತ ಪ್ರಕರಣ

ನನ್ನ ಅಮ್ಮ ಇಸ್ಪೀಟು ಎಲೆಯನ್ನು ಮೊದಲ ಸಲ ಕೈಯಲ್ಲಿ ಹಿಡಿದದ್ದು 2024ರ ಜನವರಿಯಲ್ಲಿ. ಆಗ ಅವಳಿಗೆ 69 ವರ್ಷ. ಅದಕ್ಕೂ ಮೊದಲು 47 ವರ್ಷ ಅವಳು ಇಸ್ಪೀಟು ಆಡುವವರಿಗೆ ಚಹಾ ಕೊಟ್ಟಿದ್ದಳು. ಕವಳದ ಹರಿವಾಣ ಇಟ್ಟಿದ್ದಳು. ರಾತ್ರಿ ಎರಡು ಗಂಟೆಗೆ ಎದ್ದು ಅವಲಕ್ಕಿ ಕಲಸಿ ಕೊಟ್ಟಿದ್ದಳು. ಆಟದ ಎಲೆ ಮಾತ್ರ ಮುಟ್ಟಿರಲಿಲ್ಲ.

ನಮ್ಮದು ಪುತ್ತೂರು ಕಡೆಯ ಅಡಿಕೆ ತೋಟದ ಮನೆ. ಮದುವೆ, ಉಪನಯನ, ಪೂಜೆ, ಯಾವ ಜೆಂಬರ ಇದ್ದರೂ ಹಿಂದಿನ ರಾತ್ರಿ ಊಟ ಆದಮೇಲೆ ಚಾವಡಿಯಲ್ಲಿ ಚಾಪೆ ಬಿಡಿಸುತ್ತಿದ್ದರು. ಗಂಡಸರು ಸುತ್ತ ಕೂರುತ್ತಿದ್ದರು. ಆಟ ಯಾವಾಗಲೂ ಇಪ್ಪತ್ತೆಂಟು. ಹೆಂಗಸರು ಪಾತ್ರೆ ತೊಳೆದು ಒಳಗೆ ಮಲಗಿದರೆ ಹೊರಗಿನಿಂದ "ಹದಿನಾಲ್ಕು", "ಹದಿನೈದು", "ಪಾಸ್" ಅಂತ ಬೆಳಗಿನ ಜಾವದವರೆಗೂ ಕೇಳುತ್ತಿತ್ತು. ಹೆಂಗಸರು ಆಡಬಾರದು ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬಂದು ಕೂರಿ ಅಂತ ಯಾರೂ ಕರೆದಿರಲೂ ಇಲ್ಲ.

ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡುತ್ತಿರುವುದಕ್ಕೆ ಕಾರಣ ಇದೆ. ವಯಸ್ಸಾದವರಿಗೆ ಇಸ್ಪೀಟು ಒಳ್ಳೆಯದು, ಮೆದುಳಿಗೆ ಕೆಲಸ ಸಿಗುತ್ತದೆ ಅಂತ ಜನ ಸುಲಭವಾಗಿ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ನಡೆದದ್ದು ನೋಡಿದ ಮೇಲೆ, ಅದು ಅರ್ಧ ಮಾತು ಅಂತ ನನಗೆ ಗೊತ್ತಾಯಿತು.

ಮೈಸೂರಿಗೆ ಬಂದ ಮೇಲೆ

2022ರಲ್ಲಿ ಅಪ್ಪ ತೀರಿಕೊಂಡರು. ಒಂದು ವರ್ಷ ಅಮ್ಮ ಊರಲ್ಲೇ ಇದ್ದಳು. ತೋಟ ಚಿಕ್ಕಪ್ಪನ ಮನೆಯವರು ನೋಡಿಕೊಳ್ಳುತ್ತಾರೆ. ಒಬ್ಬಳನ್ನೇ ಆ ದೊಡ್ಡ ಮನೆಯಲ್ಲಿ ಬಿಡಲು ಮನಸ್ಸಾಗದೆ 2023ರ ಮಳೆಗಾಲದಲ್ಲಿ ಮೈಸೂರಿಗೆ ಕರೆದುಕೊಂಡು ಬಂದೆ. ಮೂರನೇ ಮಹಡಿಯ ಮನೆ. ಬೆಳಿಗ್ಗೆ ಒಂಬತ್ತಕ್ಕೆ ನಾನು, ನನ್ನ ಗಂಡ, ಮಗ ಮೂವರೂ ಹೊರಟರೆ ಸಂಜೆ ಐದರವರೆಗೆ ಅವಳೊಬ್ಬಳೇ.

ಊರಲ್ಲಿ ಅವಳಿಗೆ ದಿನಕ್ಕೆ ನೂರು ಕೆಲಸ ಇತ್ತು. ಹಟ್ಟಿ, ಹಾಲು, ಅಡಿಕೆ ಸುಲಿಯುವವರಿಗೆ ಊಟ, ಹಪ್ಪಳ. ಇಲ್ಲಿ ಕುಕ್ಕರ್ ಇಟ್ಟರೆ ಕೆಲಸ ಮುಗಿಯಿತು. ಬಂದ ಮೂರು ತಿಂಗಳಲ್ಲಿ ಅವಳು ಬೆಳಿಗ್ಗೆ ಹತ್ತಕ್ಕೇ ಮಲಗಲು ಶುರು ಮಾಡಿದಳು. ಕೇಳಿದರೆ, "ನಂಗೆ ಎಂತ ಆಗಿದೆ ಮಗಳೇ, ಸುಮ್ನೆ ಮಲಗಿದ್ದು" ಅನ್ನುತ್ತಿದ್ದಳು. ಫೋನ್ ಬಂದರೂ ಎತ್ತುತ್ತಿರಲಿಲ್ಲ.

ಸುಡೊಕು ಪುಸ್ತಕ ತಂದೆ. ನಾಲ್ಕು ಪುಟ ಮಾಡಿ ಮುಚ್ಚಿಟ್ಟಳು. ಭಜನಾ ಮಂಡಳಿಗೆ ಕಳಿಸಿದೆ. ಅವಳಿಗೆ ಗೊತ್ತಿದ್ದ ಧಾಟಿ ಬೇರೆ, ಇವರದು ಬೇರೆ. ಎರಡು ವಾರ ಹೋಗಿ ಬಿಟ್ಟಳು. ಕೊನೆಗೆ ಮಗ ತನ್ನ ಅಜ್ಜಿಗೆ ಫೋನಿನಲ್ಲಿ ರಮ್ಮಿ ಹಾಕಿಕೊಟ್ಟ. ಈ ಭಾಗವನ್ನು ಬಿಡದೆ ಬರೆಯಬೇಕು.

ರಮ್ಮಿ ಅವಳಿಗೆ ಬೇಗ ಬಂತು. 13 ಎಲೆ, ಮೊದಲು ಜೋಕರ್ ಇಲ್ಲದ ಒಂದು ಸರಣಿ, ಆಮೇಲೆ ಉಳಿದದ್ದು. ಒಂದು ವಾರದಲ್ಲಿ ನನಗಿಂತ ಚುರುಕಾದಳು. ಪರವಾಗಿಲ್ಲ, ತಲೆಗೆ ಕೆಲಸ ಸಿಕ್ಕಿತು ಅಂತ ನಾನು ಖುಷಿಪಟ್ಟೆ. ಆದರೆ ಮಲಗುವ ಹೊತ್ತು ರಾತ್ರಿ ಒಂದು ಗಂಟೆಗೆ ಹೋಯಿತು. ಕಣ್ಣು ಕೆಂಪಾಯಿತು. ಊಟದ ನಡುವೆಯೂ ಫೋನು. ಒಂದು ರಾತ್ರಿ ಆ ಪರದೆ "ಈಗ ನಗದು ಆಟ" ಅಂತ ಕರೆಯಿತು. ತರಕಾರಿಗೆ ಅಂತ ಜೋಡಿಸಿಕೊಟ್ಟಿದ್ದ ಯುಪಿಐಯಿಂದ 1,800 ರೂಪಾಯಿ ಹೋಯಿತು. ನಾಲ್ಕು ದಿನ ಮುಚ್ಚಿಟ್ಟುಕೊಂಡು, ಐದನೇ ದಿನ ನನ್ನ ಮುಂದೆ ಕೂತು ಅತ್ತಳು. ದುಡ್ಡಿಗಿಂತ ಆ ನಾಲ್ಕು ದಿನ ಅವಳು ಅನುಭವಿಸಿದ ನಾಚಿಕೆ ನನಗೆ ಜಾಸ್ತಿ ನೋವು ಕೊಟ್ಟಿತು.

(ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ 2025ರ ಆಗಸ್ಟ್‌ನಲ್ಲಿ ಬಂತು. ನಮ್ಮ ಮನೆಯ ಮಟ್ಟಿಗೆ ಅದು ತಡವಾಯಿತು. ಎಷ್ಟೋ ಮನೆಗಳಿಗೆ ಉಪಕಾರವಾಗಲಿ.)

ಇಲ್ಲಿ ಒಂದು ಮಾತು ಗಮನಿಸಬೇಕು. ಮೆದುಳಿನ ವ್ಯಾಯಾಮ ಅನ್ನುತ್ತೇವಲ್ಲ, ಅದೆಲ್ಲ ಆ ಫೋನ್ ಆಟದಲ್ಲಿ ಇತ್ತು. ನೆನಪು, ಲೆಕ್ಕ, ವೇಗ. ಆದರೂ ಅಮ್ಮ ದಿನದಿಂದ ದಿನಕ್ಕೆ ಕುಗ್ಗಿದಳು. ಎಲೆಯೇ ಮದ್ದು ಆಗಿದ್ದರೆ ಹಾಗಾಗಬಾರದಿತ್ತು.

ಬಾಗಿಲು ಬಡಿದವರು

ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ, ವಾಚ್‌ಮನ್ ಕೋಣೆಯ ಪಕ್ಕ, ಒಂದು ಸಣ್ಣ ಹಾಲ್ ಇದೆ. ಅಲ್ಲಿ ಬುಧವಾರ ಮತ್ತು ಶನಿವಾರ ಮಧ್ಯಾಹ್ನ ಮೂರೂವರೆಯಿಂದ ನಾಲ್ಕು ಜನ ಆಡುತ್ತಿದ್ದರು. ಮಡಿಕೇರಿ ಕಡೆಯ ಒಬ್ಬ ಆಂಟಿ, ವಯಸ್ಸು 72. ಗಣಿತದ ಮೇಷ್ಟ್ರಾಗಿ ನಿವೃತ್ತರಾದ ಒಬ್ಬರು, 75 ದಾಟಿದವರು. ಕಾರ್ಖಾನೆಯಲ್ಲಿ ಕೆಲಸ ಮಾಡಿ ಇಲ್ಲೇ ನೆಲೆಸಿದ ತಲಶ್ಶೇರಿ ಕಡೆಯವರು. ನಾಲ್ಕನೆಯವರು ಮಗನ ಹತ್ತಿರ ಆಸ್ಟ್ರೇಲಿಯಾಕ್ಕೆ ಹೋಗಿಬಿಟ್ಟರು. ಕೊಡಗು, ಮಲಬಾರು, ಪುತ್ತೂರು, ಮೂರೂ ಕಡೆ ಇಪ್ಪತ್ತೆಂಟು ಮನೆಮಾತು. ಮಡಿಕೇರಿ ಆಂಟಿ ಲಿಫ್ಟಿನಲ್ಲಿ ಅಮ್ಮನ ಮಾತಿನ ಧಾಟಿ ಕೇಳಿ ಊರು ಗುರುತಿಸಿದ್ದರು. ಒಂದು ಶನಿವಾರ ನೇರ ಬಂದು ಬಾಗಿಲು ಬಡಿದರು.

"ಪುತ್ತೂರಮ್ಮ, ನಿಮಗೆ ಇಪ್ಪತ್ತೆಂಟು ಬರುತ್ತಾ?"

"ನೋಡಿ ಗೊತ್ತುಂಟು. ಆಡಿ ಗೊತ್ತಿಲ್ಲ."

"ಒಂದು ಕೈ ಕಮ್ಮಿ ಇದೆ. ನೀವು ಬರದಿದ್ರೆ ನಾವು ಮೂವರೂ ಎದ್ದು ಮನೆಗೆ ಹೋಗಬೇಕು."

ನಾನು ಅವಳಿಗೆ ಹೇಳುತ್ತಿದ್ದದ್ದು, "ಹೋಗು ಅಮ್ಮ, ನಿನಗೆ ಒಳ್ಳೆಯದು" ಅಂತ. ಆಂಟಿ ಹೇಳಿದ್ದು, "ನೀವು ಬರದಿದ್ದರೆ ನಮಗೆ ಆಗುವುದಿಲ್ಲ" ಅಂತ. ಬದುಕಿಡೀ ಬೇರೆಯವರಿಗೆ ಬೇಕಾಗಿ ಬಾಳಿದ ಹೆಂಗಸಿಗೆ ಎರಡನೇ ಮಾತೇ ಅರ್ಥ ಆಗುವುದು. ನನಗೆ ಅದು ಹೊಳೆಯಬೇಕಿತ್ತು.

ಆದರೂ ಅವಳು ಆ ದಿನ ಹೋಗಲಿಲ್ಲ. ಭಯ ಇತ್ತು, ಸುಳ್ಳು ಭಯ ಅಲ್ಲ. ಊರಲ್ಲಿ ನಮ್ಮ ನೆಂಟರ ಪೈಕಿ ಒಬ್ಬರು ಅಂದರ್ ಬಾಹರ್ ಚಟಕ್ಕೆ ಬಿದ್ದು ತೋಟ ಕಳೆದುಕೊಂಡಿದ್ದರು. ನನ್ನ ಅಜ್ಜಿಗೆ ಇಸ್ಪೀಟಿನ ಹೆಸರು ಕೇಳಿದರೇ ಆಗುತ್ತಿರಲಿಲ್ಲ. ಧರ್ಮರಾಯನಂಥವನೇ ಸೋತ ಅಂತ ಹೇಳುತ್ತಿದ್ದರು. ಫೋನಿನ 1,800 ರೂಪಾಯಿಯ ಗಾಯ ಬೇರೆ ಹಸಿಯಾಗಿತ್ತು.

ಈ ಗಂಟು ಬಿಡಿಸಿದವರು ಮೇಷ್ಟ್ರು. ಅವರು ಗಂಜೀಫಾ ಎಲೆಗಳ ಚಿತ್ರ ಇರುವ ಒಂದು ಪುಸ್ತಕ ತಂದು ತೋರಿಸಿದರು. ಗುಂಡಗಿನ, ಕೈಯಲ್ಲಿ ಬಣ್ಣ ಹಾಕಿದ ಎಲೆಗಳು. ದಶಾವತಾರ ಗಂಜೀಫಾದಲ್ಲಿ 120 ಎಲೆ. ಮತ್ಸ್ಯದಿಂದ ಕಲ್ಕಿಯವರೆಗೆ ಹತ್ತು ಬಣ್ಣ (ಅಂದರೆ ಎಲೆಯ ಜಾತಿ), ಒಂದೊಂದಕ್ಕೆ 12. ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಆಟಗಳನ್ನು ತಾವೇ ಹೊಸದಾಗಿ ಕಟ್ಟಿ, ಶ್ರೀತತ್ತ್ವನಿಧಿ ಅನ್ನುವ ಗ್ರಂಥದಲ್ಲಿ ಬರೆಸಿಟ್ಟರು. "ಇದೇ ಮೈಸೂರಲ್ಲಿ ಅರಮನೆಯೊಳಗೆ ದೇವರ ಚಿತ್ರದ ಎಲೆ ಹಿಡಿದು ಆಡ್ತಿದ್ರು ಅಮ್ಮ. ಪಾಪ ಇರೋದು ಎಲೆಯಲ್ಲಲ್ಲ, ದುಡ್ಡು ಕಟ್ಟೋದರಲ್ಲಿ" ಅಂದರು. ಅಮ್ಮ ಆ ವಾಮನನ ಎಲೆಯನ್ನು ತುಂಬ ಹೊತ್ತು ನೋಡಿದಳು. ಮುಂದಿನ ಬುಧವಾರ ಸೀರೆ ಬದಲಿಸಿಕೊಂಡು ಕೆಳಗೆ ಇಳಿದಳು.

ಆಟ

ಗೊತ್ತಿಲ್ಲದವರಿಗೆ ಆಟವನ್ನು ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಆದ ತೊಂದರೆಗಳೆಲ್ಲ ಆಟದ ಒಳಗಿಂದಲೇ ಬಂದವು.

ಒಂದು ಕಟ್ಟಿನಲ್ಲಿ ಎರಡರಿಂದ ಆರರವರೆಗಿನ ಎಲೆ ತೆಗೆದಿಟ್ಟರೆ 32 ಉಳಿಯುತ್ತದೆ. ನಾಲ್ಕು ಜನ. ಎದುರುಬದುರು ಕೂತವರು ಜೊತೆಗಾರರು. ಎಲ್ಲಕ್ಕಿಂತ ದೊಡ್ಡದು ಗುಲಾಮ, ಅದಕ್ಕೆ ಮೂರು ಅಂಕ. ಆಮೇಲೆ ಒಂಬತ್ತು, ಅದಕ್ಕೆ ಎರಡು. ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜ, ರಾಣಿ, ಎಂಟು, ಏಳಕ್ಕೆ ಏನೂ ಇಲ್ಲ. ನಾಲ್ಕು ಬಣ್ಣ ಸೇರಿ 28 ಅಂಕ. ಮೊದಲು ನಾಲ್ಕು ನಾಲ್ಕು ಎಲೆ ಹಂಚುತ್ತಾರೆ. ಅಷ್ಟು ನೋಡಿಕೊಂಡು, ನಾವಿಬ್ಬರು ಇಷ್ಟು ಅಂಕ ಮಾಡುತ್ತೇವೆ ಅಂತ ಹದಿನಾಲ್ಕರಿಂದ ಮೇಲೆ ಕೂಗಬೇಕು. ಜಾಸ್ತಿ ಕೂಗಿದವರು ಒಂದು ಎಲೆಯನ್ನು ಬೋರಲು ಇಡುತ್ತಾರೆ. ಅದೇ ತುರುಪು. ಅದು ಯಾವ ಬಣ್ಣ ಅಂತ ಜೊತೆಗಾರನಿಗೂ ಗೊತ್ತಿರುವುದಿಲ್ಲ. ಆಮೇಲೆ ಮತ್ತೆ ನಾಲ್ಕು ನಾಲ್ಕು ಎಲೆ. ಆಡುವಾಗ ಬಂದ ಬಣ್ಣ ಕೈಯಲ್ಲಿ ಇಲ್ಲದವರು "ತುರುಪು ತೋರಿಸಿ" ಅಂತ ಕೇಳಬಹುದು. ಆಗ ಗುಟ್ಟು ಬಯಲು.

ಗುಲಾಮನೂ ಒಂಬತ್ತೂ ರಾಜನಿಗಿಂತ ಮೇಲೆ ಇರುವುದು ಯುರೋಪಿನ ಒಂದು ಬಗೆಯ ಆಟಗಳಲ್ಲೂ ಇದೆ. ಡಚ್ಚರ ಜೊತೆ ಕೊಚ್ಚಿ ಕಡೆಗೆ ಬಂದಿರಬಹುದು ಅನ್ನುವ ಮಾತೂ ಇದೆ.

ರಮ್ಮಿಗೂ ಇದಕ್ಕೂ ಇರುವ ವ್ಯತ್ಯಾಸವೇ ಈ ಪ್ರಕರಣದ ತಿರುಳು ಅಂತ ನನಗೆ ಅನ್ನಿಸುತ್ತದೆ. ರಮ್ಮಿಯಲ್ಲಿ ಅವರವರ ಕೈ ಅವರವರಿಗೆ. ಇಬ್ಬರಿದ್ದರೂ ಆಯಿತು, ಆರು ಜನ ಇದ್ದರೂ ಆಯಿತು. ಒಬ್ಬರು ಎಲೆ ಇಟ್ಟು ಎದ್ದು ಹೋದರೆ ಆಟ ನಿಲ್ಲುವುದಿಲ್ಲ. ಇಪ್ಪತ್ತೆಂಟಿಗೆ ನಾಲ್ಕೇ ಜನ ಬೇಕು. ಎದುರು ಕೂತವರ ಮನಸ್ಸು ಓದಬೇಕು. ಅವರು ನಿಮ್ಮನ್ನು ನಂಬಬೇಕು. ನೀವು ಬರದ ದಿನ ಮೂವರು ಕಾಯುತ್ತಾರೆ.

ಅಮ್ಮನಿಗೆ ಆಶ್ಚರ್ಯ ಆದದ್ದು ಏನೆಂದರೆ, ಅವಳಿಗೆ ಆಟ ಮುಕ್ಕಾಲು ಪಾಲು ಗೊತ್ತಿತ್ತು. 47 ವರ್ಷ ಗೋಡೆಯಾಚೆಯಿಂದ ಕೇಳಿದ್ದೆಲ್ಲ ಒಳಗೆ ಕೂತಿತ್ತು. "ನಿನ್ನ ಅಪ್ಪನ ಕೈಯಲ್ಲಿ ಗುಲಾಮ ಬಂದರೆ ಸಣ್ಣಕ್ಕೆ ಕೆಮ್ಮುತ್ತಿದ್ದರು. ಎದುರಿದ್ದವರಿಗೆ ಅದು ಯಾರಿಗೂ ಗೊತ್ತಾಗಲೇ ಇಲ್ಲ. ನಂಗೆ ಒಳಗಿಂದ ಗೊತ್ತಾಗ್ತಿತ್ತು" ಅಂತ ಒಂದು ರಾತ್ರಿ ಹೇಳಿದಳು. ಅಪ್ಪ ಹೋದ ಮೇಲೆ ಅವಳು ಅವರ ಬಗ್ಗೆ ನಗುತ್ತ ಮಾತಾಡಿದ್ದು ಅದೇ ಮೊದಲು.

ನಿಂತುಹೋದ ಹನ್ನೆರಡು ದಿನ

ಮೂರನೇ ವಾರ ಎಲ್ಲ ಕೆಟ್ಟಿತು.

ಅಮ್ಮನಿಗೆ ಮೇಷ್ಟ್ರು ಜೊತೆಗಾರರು. ಆಂಟಿ "ಹದಿನೇಳು" ಅಂದರು. ಅಮ್ಮನ ಕೈಯಲ್ಲಿ ಒಳ್ಳೆಯ ಎಲೆ ಇತ್ತು. ಅವಳು "ಹತ್ತೊಂಬತ್ತು" ಅಂದಳು. ಆಟ ಮುಗಿದಾಗ ಇವರಿಬ್ಬರ ಅಂಕ ಸರಿಯಾಗಿ 18. ಸೋಲು. ಮೇಷ್ಟ್ರು ಎಲೆ ಮೇಜಿಗೆ ಎಸೆದು, "ಹದಿನೆಂಟು ಸಾಕಿತ್ತಲ್ಲಮ್ಮ! ಒಂದು ಜಾಸ್ತಿ ಯಾಕೆ ಕೂಗಿದ್ರಿ?" ಅಂತ ಗದರಿದರು. ಅದೇ ಸಂಜೆ ಇನ್ನೊಂದು ಆಯಿತು. ಇಸ್ಪೀಟು ಬಣ್ಣ (ಸ್ಪೇಡ್) ಬಂದಾಗ ಅಮ್ಮ ಕಳಾವರ್ ಹಾಕಿದಳು. ಎರಡು ಸುತ್ತು ಬಿಟ್ಟು ಅವಳ ಕೈಯಿಂದಲೇ ಇಸ್ಪೀಟು ಹೊರಬಂತು. "ಎಲೆ ಇಟ್ಟುಕೊಂಡು ಇಲ್ಲ ಅಂದ್ರಾ?" ಅಂತ ತಲಶ್ಶೇರಿಯವರು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಅಮ್ಮನಿಗೆ ಅದು ಕಳ್ಳಿ ಅಂದ ಹಾಗೆ ಕೇಳಿಸಿತು.

ಹನ್ನೆರಡು ದಿನ ಕೆಳಗೆ ಹೋಗಲಿಲ್ಲ. ಮಂಡಿನೋವು ಅಂದಳು. ಮತ್ತೆ ಹತ್ತು ಗಂಟೆಗೆ ಮಲಗಲು ಶುರು ಮಾಡಿದಳು.

ನನಗೂ ಮೊದಲು ತಪ್ಪೇ ಅರ್ಥವಾಯಿತು. ವಯಸ್ಸಾಯಿತು, ಮರೆವು ಶುರುವಾಗಿದೆ ಅಂತ ಹೆದರಿದೆ. ನಿಜ ಕಂಡುಹಿಡಿದವರು ಆಂಟಿ. ಮನೆಗೆ ಬಂದು ಕಾಫಿ ಕುಡಿಯುತ್ತ, ಬಾಯಿಗೆ ಸೆರಗು ಅಡ್ಡ ಹಿಡಿದು "ಹದಿನೇಳು" ಅಂದರು. "ಏನು ಹೇಳಿದೆ?" ಅಂತ ಕೇಳಿದರು. ಅಮ್ಮ "ಹದಿನೆಂಟು" ಅಂದಳು. ಮತ್ತೆ ಹೇಳಿದರು. ಮತ್ತೆ ಅದೇ ಉತ್ತರ. ಹದಿನೇಳು, ಹದಿನೆಂಟು. ಕಿವಿ ಸ್ವಲ್ಪ ಮಂದವಾದರೆ ಎರಡೂ ಒಂದೇ, ಅಲ್ವಾ? ಅಮ್ಮನಿಗೆ ಲೆಕ್ಕ ತಪ್ಪಿರಲಿಲ್ಲ. ಕೇಳಿಸಿದ್ದಕ್ಕೆ ಒಂದು ಮೇಲೆ ಸರಿಯಾಗೇ ಕೂಗಿದ್ದಳು.

ಮೈಸೂರಿನಲ್ಲಿ ಇದಕ್ಕೆ ದೂರ ಹೋಗಬೇಕಿಲ್ಲ. ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿ ಮಂದ, ಎಡಗಿವಿ ಜಾಸ್ತಿ. ಫೋನ್ ಬಂದರೆ ಎತ್ತದೆ ಇದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ಬೇಸರ ಅಂತ ನಾನು ಅಂದುಕೊಂಡದ್ದರಲ್ಲಿ ಅರ್ಧ ಕಿವಿಯ ತೊಂದರೆಯೇ. ಮರೆವಿನ ಕಾಯಿಲೆಯನ್ನು ತಡೆಯುವ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ತಂಡ 2024ರಲ್ಲಿ ಕೊಟ್ಟ ವರದಿಯಲ್ಲಿ, ನಾವು ಬದಲಿಸಬಹುದಾದ 14 ಅಪಾಯಗಳ ಪಟ್ಟಿ ಇದೆ. ಕಿವಿ ಮಂದವಾಗುವುದು, ಕಣ್ಣು ಮಂದವಾಗುವುದು, ಒಂಟಿತನ, ಮೂರೂ ಅದರಲ್ಲಿವೆ. ನಮ್ಮ ಮನೆಯಲ್ಲಿ ಮೂರೂ ಒಟ್ಟಿಗೆ ಕೂತಿದ್ದವು. ಇಸ್ಪೀಟು ಅವನ್ನು ಹೊರಗೆ ತಂದಿತು.

ಕಣ್ಣಿನ ಕಥೆ ಹೀಗೆ. ಬಲಗಣ್ಣಿಗೆ ಊರಲ್ಲೇ ಪೊರೆ ತೆಗೆಸಿಯಾಗಿತ್ತು. ಎಡಗಣ್ಣಿಗೆ ಆಗಿರಲಿಲ್ಲ. ಹಾಲಿನ ಟ್ಯೂಬ್‌ಲೈಟ್ ಅವಳ ಎದುರಿಗೆ ಇತ್ತು. ಪ್ಲಾಸ್ಟಿಕ್ ಎಲೆ ಹೊಳೆಯುತ್ತಿತ್ತು. ಮೂಲೆಯಲ್ಲಿರುವ ಆ ಸಣ್ಣ ಕರಿ ಗುರುತು ಇಸ್ಪೀಟೋ ಕಳಾವರೋ ಅಂತ ಕಾಣುತ್ತಿರಲಿಲ್ಲ.

ನಾವು ಮಾಡಿದ್ದು ದೊಡ್ಡ ಕೆಲಸ ಏನಲ್ಲ. ಅಮ್ಮನ ಕುರ್ಚಿ ತಿರುಗಿಸಿ ಬೆಳಕು ಬೆನ್ನ ಹಿಂದಿನಿಂದ ಬೀಳುವ ಹಾಗೆ ಮಾಡಿದೆವು. ಡೈಮಂಡ್ ನೀಲಿ, ಕಳಾವರ್ ಹಸಿರು ಇರುವ ದೊಡ್ಡ ಅಕ್ಷರದ ಕಟ್ಟು ತರಿಸಿದೆವು. ಬರೀ ಕಪ್ಪು ಕೆಂಪಿನ ಬದಲು ನಾಲ್ಕು ಬಣ್ಣ ಆದಾಗ ಮೇಷ್ಟ್ರು ಕೂಡ, "ಅಯ್ಯೋ, ನನಗೂ ಇದೇ ಬೇಕಿತ್ತು" ಅಂದರು. ಕೂಗಿದ್ದನ್ನು ಸ್ಲೇಟಿನ ಮೇಲೆ ಬರೆದು ಮೇಜಿನ ನಡುವೆ ಇಡುವ ಪದ್ಧತಿ ಬಂತು. ಅದು ಅಮ್ಮನಿಗೋಸ್ಕರ ಅಂತ ಯಾರೂ ಹೇಳಲಿಲ್ಲ. ಎಲ್ಲರಿಗೂ ನಿಯಮ ಅಂತಲೇ ಮಾಡಿದರು. ಆ ಸೂಕ್ಷ್ಮ ನನಗೆ ತುಂಬ ಹಿಡಿಸಿತು.

ಬೆರಳ ಗಂಟಿನ ನೋವಿಂದ ಎಂಟು ಎಲೆ ಬೀಸಣಿಗೆ ಹಾಗೆ ಹಿಡಿಯುವುದು ಅಮ್ಮನಿಗೆ ಕಷ್ಟ. ಅದಕ್ಕೆ ಊರಿಂದ ಚಿಕ್ಕಪ್ಪ ಒಂದು ಗೇಣು ಉದ್ದದ ಅಡಿಕೆ ದಬ್ಬೆ ಕಳಿಸಿದರು. ಉಜ್ಜಿ ನುಣುಪು ಮಾಡಿ, ಗರಗಸದಲ್ಲಿ ಉದ್ದಕ್ಕೆ ಒಂದು ಗೀರು ಕೊರೆದದ್ದು. ಗೀರಿನಲ್ಲಿ ಎಲೆ ಸಾಲಾಗಿ ನಿಲ್ಲುತ್ತದೆ. ಈಗ ಆ ಮೇಜಿನ ಮೇಲೆ ಅಂಥ ದಬ್ಬೆ ಮೂರಿದೆ.

ಶ್ರವಣ ಸಾಧನ ಹಾಕಿಕೊಳ್ಳಲು ಅಮ್ಮ ಎರಡು ತಿಂಗಳು ಹಟ ಮಾಡಿದಳು. ಎಲ್ಲ ಸದ್ದೂ ಒಟ್ಟಿಗೆ ನುಗ್ಗುತ್ತದೆ ಅಂತ. ಕೊನೆಗೆ ಮೊದಲು ಹಾಕಿಕೊಂಡದ್ದು ಆಟಕ್ಕೆ ಹೋಗುವಾಗ ಮಾತ್ರ. ಎರಡು ಗಂಟೆ, ವಾರಕ್ಕೆ ಎರಡು ದಿನ. ಅಲ್ಲಿಂದ ಅಭ್ಯಾಸ ಬೆಳೆಯಿತು. ಪಕ್ಕದಲ್ಲಿ ಕೂತು ಎಷ್ಟು ಹೇಳಿದರೂ ಆಗದ್ದು, ತುರುಪಿನ ಆಸೆಗೆ ಆಯಿತು.

ಮಾತು, ಜಗಳ, ಹುಣಸೆಬೀಜ

ಮೇಷ್ಟ್ರು ಬಂದು ಕ್ಷಮೆ ಕೇಳಿದರು. ಆದರೆ ಗದರುವ ಅಭ್ಯಾಸ ಒಂದು ಕ್ಷಮೆಗೆ ಹೋಗುವುದಿಲ್ಲ. ಜೊತೆಗಾರರ ಆಟದಲ್ಲಿ ಇದು ದೊಡ್ಡ ಕಾಯಿಲೆ. ಹೊಸಬರು ಬಿಟ್ಟು ಹೋಗುವುದು ಸೋತದ್ದಕ್ಕಲ್ಲ, ಬೈಸಿಕೊಂಡದ್ದಕ್ಕೆ. ಆಂಟಿ ಒಂದು ನಿಯಮ ಮಾಡಿದರು. ಆಟ ನಡೆಯುವಾಗ ಆದ ತಪ್ಪಿನ ಬಗ್ಗೆ ಮಾತಿಲ್ಲ. ಕಾಫಿ ಹೊತ್ತಲ್ಲಿ, ಕೇಳಿದವರಿಗೆ ಮಾತ್ರ ಹೇಳಬಹುದು.

ನಿಯಮಗಳ ಜಗಳ ಬೇರೆ ಇತ್ತು. ತುರುಪಿನ ರಾಜ ರಾಣಿ ಒಬ್ಬರ ಕೈಯಲ್ಲೇ ಇದ್ದರೆ ಕೂಗಿದ್ದರಲ್ಲಿ ನಾಲ್ಕು ಕಮ್ಮಿ ಮಾಡಬೇಕು ಅಂತ ತಲಶ್ಶೇರಿಯವರು. ನಮ್ಮ ಚಾವಡಿಯಲ್ಲಿ ಹಾಗಿರಲಿಲ್ಲ ಅಂತ ಅಮ್ಮ. ಅವಳು ಗಂಡಸರ ಮುಂದೆ ದನಿ ಎತ್ತಿ ವಾದ ಮಾಡಿದ್ದು ನಾನು ನೋಡಿದ್ದು ಅಲ್ಲೇ. ಕೊನೆಗೆ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರು. ಜೋಡಿಯ ಲೆಕ್ಕ ಶನಿವಾರ ಉಂಟು, ಬುಧವಾರ ಇಲ್ಲ.

ಏಪ್ರಿಲ್‌ನಲ್ಲಿ ಯುಗಾದಿ ಬಂತು. ಮೈಸೂರು, ಮಂಡ್ಯ ಕಡೆ ಯುಗಾದಿಗೆ ದುಡ್ಡಿಟ್ಟು ಆಡುವ ಹಳೇ ರೂಢಿ ಇದೆ. ಆ ದಿನ ಕೆಳಗೆ ಇನ್ನೂ ಕೆಲವರು ಬಂದು ಸೇರಿದರು. "ಹಬ್ಬ ಅಲ್ವಾ, ಹತ್ತತ್ತು ರೂಪಾಯಿ" ಅಂತ ಯಾರೋ ಅಂದರು. ಅಮ್ಮ ಎಲೆ ಮಡಚಿಟ್ಟು ಎದ್ದಳು. ಸಿಟ್ಟಿಲ್ಲ, ಮಾತಿಲ್ಲ. ಎದ್ದಳು ಅಷ್ಟೆ. ಅವಳು ಎದ್ದರೆ ಆಟ ಇಲ್ಲ. ಆ ಅಧಿಕಾರ ಅವಳಿಗೆ ಮೊದಲ ಸಲ ಸಿಕ್ಕಿತ್ತು. ನೋಟು ಜೇಬಿಗೆ ಹೋಯಿತು. ಅವತ್ತಿಂದ ಲೆಕ್ಕಕ್ಕೆ ಹುಣಸೆಬೀಜ. ತಿಂಗಳ ಕೊನೆಗೆ ಕಮ್ಮಿ ಬೀಜ ಇದ್ದ ಜೋಡಿ ಚುರುಮುರಿ ತರಿಸಬೇಕು.

ಮೇಷ್ಟ್ರಿಗೆ ಕಾನೂನಿನ ಮಾತು ಇಷ್ಟ. 1967ರಲ್ಲಿ ಸುಪ್ರೀಂ ಕೋರ್ಟ್ ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ, ರಮ್ಮಿ ಬರೀ ಅದೃಷ್ಟದ ಆಟ ಅಲ್ಲ, ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದು ಇಟ್ಟುಕೊಳ್ಳಬೇಕು ಯಾವುದು ಬಿಡಬೇಕು ಅನ್ನುವ ಜಾಣ್ಮೆ ಬೇಕು ಅಂತ ಹೇಳಿದ್ದನ್ನು ಅವರು ಆಗಾಗ ಹೇಳುತ್ತಾರೆ. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ಬ್ರಿಡ್ಜ್ ಆಟಕ್ಕೆ ಚಿನ್ನ ಗೆದ್ದ ಪ್ರಣಬ್ ಬರ್ಧನ್ ಅವರಿಗೆ 60 ವರ್ಷ, ಜೊತೆಗಾರ ಶಿಬನಾಥ್ ಸರ್ಕಾರ್ ಅವರಿಗೆ 56 ಅಂತಲೂ. ಅಮ್ಮ ಅದಕ್ಕೆ, "ಅವರು ಮಕ್ಕಳು" ಅಂದಳು.

ಏನು ಬದಲಾಯಿತು, ಏನು ಬದಲಾಗಲಿಲ್ಲ

ಉತ್ಪ್ರೇಕ್ಷೆ ಮಾಡಬಾರದು. ಅಮ್ಮನ ಬಿಪಿ ಇದ್ದಷ್ಟೇ ಇದೆ. ಮಂಡಿನೋವು ನಿಜವಾಗಿ ಬಂದಿದೆ. ಎರಡು ಗಂಟೆ ಒಂದೇ ಕಡೆ ಕೂತರೆ ಕಾಲು ಊದುತ್ತದೆ. ಅದಕ್ಕೆ ಪ್ರತಿ ನಾಲ್ಕು ಆಟಕ್ಕೆ ಒಮ್ಮೆ ಎದ್ದು ಹಾಲಿನ ಸುತ್ತ ನಡೆಯುವುದು ಈಗ ನಿಯಮ. ನೆನಪು ಸುಧಾರಿಸಿತಾ ಅಂತ ಕೇಳಿದರೆ, ಹೌದು ಅನ್ನಲು ನನ್ನ ಹತ್ತಿರ ಪುರಾವೆ ಇಲ್ಲ. ಬಿದ್ದ ಗುಲಾಮಗಳನ್ನು ಅವಳು ತಪ್ಪದೆ ಎಣಿಸುತ್ತಾಳೆ. ಕನ್ನಡಕ ಎಲ್ಲಿಟ್ಟೆ ಅಂತ ಈಗಲೂ ಹುಡುಕುತ್ತಾಳೆ.

ನ್ಯೂಯಾರ್ಕಿನಲ್ಲಿ 75 ದಾಟಿದ 469 ಜನರನ್ನು ವರ್ಷಗಟ್ಟಲೆ ಗಮನಿಸಿ 2003ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಓದು, ವಾದ್ಯ, ಕೂತು ಆಡುವ ಆಟಗಳು, ನೃತ್ಯ ಇದ್ದವರಲ್ಲಿ ಮರೆವಿನ ಕಾಯಿಲೆ ಕಮ್ಮಿ ಕಂಡಿತು. ಆದರೆ ಆಟದಿಂದ ಕಾಯಿಲೆ ದೂರ ಉಳಿಯಿತೋ, ಕಾಯಿಲೆ ಒಳಗೊಳಗೇ ಶುರುವಾದವರು ಆಟ ಬಿಟ್ಟರೋ, ಅಂಥ ಅಧ್ಯಯನದಿಂದ ಖಚಿತವಾಗಿ ಹೇಳಲು ಆಗುವುದಿಲ್ಲ. ಅದನ್ನು ಹಿಡಿದುಕೊಂಡು ಹಿರಿಯರ ಕೈಗೆ ಎಲೆ ಕೊಟ್ಟು "ಆಡಿ, ಮದ್ದು ಇದು" ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಬದಲಾದದ್ದು ಇದು. ಹಗಲು ಮಲಗುವುದು ನಿಂತಿತು. ಬುಧವಾರ, ಶನಿವಾರ ಅನ್ನುವ ಎರಡು ದಿನಕ್ಕೆ ಗುರುತು ಬಂತು. ಮಂಗಳವಾರ ರಾತ್ರಿ ಸೀರೆ ತೆಗೆದಿಡುತ್ತಾಳೆ. ಎರಡು ವರ್ಷದಲ್ಲಿ, ಆ ಹನ್ನೆರಡು ದಿನವನ್ನೂ ಅವಳು ಮೈಸೂರಲ್ಲಿ ಇಲ್ಲದ ದಿನವನ್ನೂ ಬಿಟ್ಟರೆ, ತಪ್ಪಿಸಿದ್ದು ಐದೇ ಸಲ. ತಪ್ಪಿಸಿದ ಐದು ಸಲವೂ ನಾಲ್ಕು ಗಂಟೆಯೊಳಗೆ ಯಾರೋ ಬಂದು ಬಾಗಿಲು ಬಡಿದಿದ್ದಾರೆ. ಒಮ್ಮೆ ಹಾಗೆ ಬಂದವರೇ ಅವಳಿಗೆ ಜ್ವರ 102 ಇರುವುದು ನೋಡಿ ನನಗೆ ಫೋನ್ ಮಾಡಿದ್ದು.

ಕಳೆದ ವರ್ಷ ಅಪ್ಪನ ತಿಥಿಗೆ ಊರಿಗೆ ಹೋದೆವು. ಮಾರನೆಯ ದಿನ ರಾತ್ರಿ ಚಾವಡಿಯಲ್ಲಿ ಚಾಪೆ ಬಿದ್ದಿತು. ಅಮ್ಮ ಎಂದಿನಂತೆ ಚಹಾ ತಂದಳು. ಲೋಟ ಇಟ್ಟು ಒಳಗೆ ಹೋಗಲಿಲ್ಲ. ಚಿಕ್ಕಪ್ಪನ ಹಿಂದೆ ನಿಂತು ಅವರ ಕೈ ನೋಡಿದಳು. ಚಿಕ್ಕಪ್ಪ ತಿರುಗಿ ನೋಡಿ, ಸರಿದು ಜಾಗ ಮಾಡಿ, "ಅತ್ತಿಗೆ, ಕೂತ್ಕೊಳ್ಳಿ. ನಂಗೆ ಬೆನ್ನು ನೋಯ್ತದೆ" ಅಂದರು. ಬೆನ್ನು ನೋವು ಸುಳ್ಳು ಅಂತ ಎಲ್ಲರಿಗೂ ಗೊತ್ತು. ಅಮ್ಮ ಕೂತಳು. ಹದಿನಾರು ಕೂಗಿ ಹತ್ತೊಂಬತ್ತು ಮಾಡಿದಳು. ಒಳಗಿಂದ ನನ್ನ ಅತ್ತಿಗೆಯರು ಇಬ್ಬರು ಬಂದು ಬಾಗಿಲಲ್ಲಿ ನಿಂತು ನೋಡಿದರು.

ಈಗಿನ ಸ್ಥಿತಿ

ಕಳೆದ ಆರು ತಿಂಗಳಿಂದ ಮೇಷ್ಟ್ರು ಬದಲಾಗಿದ್ದಾರೆ. ತುರುಪು ತೋರಿಸಿದ ಮೇಲೂ "ತುರುಪು ಯಾವುದು?" ಅಂತ ಕೇಳುತ್ತಾರೆ. ಹೇಳಿದರೆ ಎರಡು ಸುತ್ತು ಬಿಟ್ಟು ಮತ್ತೆ ಕೇಳುತ್ತಾರೆ. ಗಣಿತದ ಮೇಷ್ಟ್ರು ಅಂಕ ಕೂಡುವಾಗ ನಿಲ್ಲುತ್ತಾರೆ. ಕಿವಿ ಪರೀಕ್ಷೆ ಆಯಿತು, ಕಣ್ಣು ಸರಿಯಿದೆ. ಇದು ಬೇರೆ. ಅವರ ಮಗಳು ವೈದ್ಯರಿಗೆ ತೋರಿಸುತ್ತಿದ್ದಾರೆ. ಆಡಲು ಹೊಸಬರು ಕಟ್ಟಡದಲ್ಲಿ ಈಗ ಇಬ್ಬರಿದ್ದಾರೆ. ಮೇಷ್ಟ್ರ ಜಾಗಕ್ಕೆ ಅವರಲ್ಲಿ ಒಬ್ಬರನ್ನು ಕೂರಿಸಿದರೆ ಆಟ ಚೆನ್ನಾಗಿ ನಡೆಯುತ್ತದೆ.

ಅಮ್ಮ ಒಪ್ಪಲಿಲ್ಲ. ಶನಿವಾರ ಹೊಸಬರ ಜೊತೆ ಇಪ್ಪತ್ತೆಂಟು, ಬುಧವಾರ ಹಳೇ ನಾಲ್ವರೇ ಅಂತ ಮಾಡಿಸಿದಳು. ಬುಧವಾರದ ಆಟ ಈಗ ಕತ್ತೆ. ಪೂರ್ತಿ ಕಟ್ಟು ಹಂಚಿ, ಬಂದ ಬಣ್ಣ ಹಾಕುತ್ತ ಹೋಗುವುದು. ಬಣ್ಣ ಇಲ್ಲದವರು ಬೇರೆ ಎಲೆ ಹೊಡೆದರೆ, ದೊಡ್ಡ ಎಲೆ ಹಾಕಿದವರು ಎಲ್ಲ ಎತ್ತಿಕೊಳ್ಳಬೇಕು. ತುರುಪಿಲ್ಲ, ಕೂಗಿಲ್ಲ, ಅಂಕ ಇಲ್ಲ. ಕಣ್ಣೆದುರು ಇರುವ ಎಲೆ ನೋಡಿದರೆ ಸಾಕು. ಕೊನೆಗೆ ಕೈಯಲ್ಲಿ ಎಲೆ ಉಳಿದವರನ್ನು ಕತ್ತೆ ಅನ್ನುವುದು ರೂಢಿ. ಆ ಹೆಸರು ಬೇಡ ಅಂತ ಅಮ್ಮ ತೆಗೆಸಿದಳು. ಉಳಿದವರು ಮುಂದಿನ ಆಟಕ್ಕೆ ಎಲೆ ಕಲಸಬೇಕು, ಅಷ್ಟೆ. ಮೇಷ್ಟ್ರು ಹೆಚ್ಚು ಸಲ ಕಲಸುತ್ತಾರೆ. ಅವರ ಬೆರಳಿಗೆ ಇನ್ನೂ ಚೆನ್ನಾಗಿ ನೆನಪಿದೆ. ಕಟ್ಟನ್ನು ಎರಡು ಮಾಡಿ, ಹೆಬ್ಬೆರಳಲ್ಲಿ ಬಗ್ಗಿಸಿ, ಸರ್ ಅಂತ ಒಂದರೊಳಗೆ ಒಂದು ಸೇರಿಸುತ್ತಾರೆ. ಅದು ಮುಗಿಯುವವರೆಗೆ ಉಳಿದ ಮೂವರೂ ಅವರ ಕೈ ನೋಡುತ್ತ ಕೂರುತ್ತಾರೆ.